ಮೂರು ಪಾಳಿಯ ಕೆಲಸ, ಮನೆಯಲ್ಲಿ ಒಬ್ಬರ ಹೆಗಲ ಮೇಲೆ

(ವಯಸ್ಸಾದ ತಂದೆ-ತಾಯಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಆಸ್ಪತ್ರೆಯಲ್ಲಿ ಏರ್ಪಡಿಸಿದ್ದ ಮಾಹಿತಿ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಊಟದ ಹೊತ್ತು ಮುಗಿಸಿ, ರೋಗಿಯ ಹತ್ತಿರ ಇನ್ನೊಬ್ಬರನ್ನು ಕೂರಿಸಿ ಇಲ್ಲಿಗೆ ಬಂದಿದ್ದೀರಿ. "ಸಿಸ್ಟರ್, ನಮ್ಮವ್ವ ಒಬ್ಬಾಕಿನೇ ಅದಾಳ, ಲಗೂನ ಬಿಡ್ರಿ" ಎಂದು ಕೆಲವರು ಬಾಗಿಲಲ್ಲೇ ಹೇಳಿದ್ದೀರಿ. ಅರ್ಧ ತಾಸಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ರೋಗಿಯ ವಿಷಯ ಮಾತಾಡುತ್ತೇವೆ. ಇವತ್ತು ಮಂಚದ ಮೇಲೆ ಮಲಗಿದವರ ಜೊತೆಗೆ, ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡವರ ವಿಷಯವನ್ನೂ ಮಾತಾಡೋಣ. ಮಂಚದ ಮೇಲಿರುವವರಿಗೆ ಕೇಸ್ ಪೇಪರ್ ಇದೆ. ಅವರ ಬಿ.ಪಿ., ಜ್ವರ, ಊಟ, ನಿದ್ದೆ ಎಲ್ಲವನ್ನೂ ಬರೆದಿಡುತ್ತೇವೆ. ಚಾಪೆಯ ಮೇಲಿರುವವರಿಗೆ ಕೇಸ್ ಪೇಪರ್ ಇಲ್ಲ. ಅವರು ಉಂಡರೋ ಇಲ್ಲವೋ ಯಾರೂ ಬರೆಯುವುದಿಲ್ಲ.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಆಸ್ಪತ್ರೆಯಿಂದ ಊರಿಗೆ ಕರೆದೊಯ್ದ ಮೇಲೆ ನೋಡಿಕೊಂಡವರು ನಮ್ಮ ವೈನಿ, ಅಣ್ಣನ ಹೆಂಡತಿ. ನಾನು ನೌಕರಿಯ ಊರಲ್ಲಿದ್ದೆ. ದಿನಾ ಸಂಜೆ ಫೋನ್ ಹಚ್ಚಿ ಕೇಳುತ್ತಿದ್ದೆ: "ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದಿರಾ? ನೀರು ಎಷ್ಟು ಕುಡಿಸಿದಿರಿ? ಬೆನ್ನು ನೋಡಿದಿರಾ?" ವಿದ್ಯಾರ್ಥಿನಿಯರಿಗೆ ಕೇಳುವ ಹಾಗೆಯೇ ಕೇಳುತ್ತಿದ್ದೆ. ಒಂದು ದಿನ ವೈನಿ ನಿಧಾನವಾಗಿ ಹೇಳಿದರು: "ನೀ ಹೇಳೂದೆಲ್ಲಾ ಖರೆ ಐತಿ. ರಾತ್ರಿನೂ ಎರಡು ತಾಸಿಗೊಮ್ಮೆ ಎದ್ದು ಹೊಳ್ಳಿಸ್ತೀನಿ. ಹಂಗಾರ ನಾ ಯಾವಾಗ ಮಲಗ್ಲಿ? ಅದನ್ನೂ ಒಂದೀಟು ಹೇಳು."

ನನಗೆ ಉತ್ತರ ತಿಳಿಯಲಿಲ್ಲ. ನರ್ಸಿಂಗ್ ಓದುವಾಗ ಯಾವ ಪರೀಕ್ಷೆಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

ಯೋಚಿಸಿ ನೋಡಿ. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಮೂರು ಪಾಳಿ ಇವೆ. ಒಂದು ಪಾಳಿಯವರು ಮನೆಗೆ ಹೋಗುವಾಗ ಇನ್ನೊಂದು ಪಾಳಿಯವರಿಗೆ ಎಲ್ಲ ಒಪ್ಪಿಸಿ ಹೋಗುತ್ತಾರೆ. ಆಯಾಗಳು ಬೇರೆ, ಅಡುಗೆಯವರು ಬೇರೆ, ಬಟ್ಟೆ ಒಗೆಯುವವರು ಬೇರೆ. ವಾರಕ್ಕೊಂದು ರಜೆಯೂ ಇದೆ. ಬಿಡುಗಡೆಯ ದಿನ ಈ ಎಲ್ಲರ ಕೆಲಸವನ್ನೂ ಒಂದು ಹಾಳೆಯ ಮೇಲೆ ಬರೆದು ಒಬ್ಬರ ಕೈಗೆ ಕೊಟ್ಟು ಕಳಿಸುತ್ತೇವೆ. ಆ ಒಬ್ಬರು ಬಹಳ ಮಟ್ಟಿಗೆ ಸೊಸೆ, ಇಲ್ಲವೇ ಮಗಳು, ಇಲ್ಲವೇ ರೋಗಿಯ ಹೆಂಡತಿ. ಹೆಂಡತಿಗೂ ಎಪ್ಪತ್ತು ವರ್ಷ ಆಗಿರುತ್ತದೆ, ಆಕೆಗೂ ಮೊಣಕಾಲು ನೋವು ಇರುತ್ತದೆ.

ಇದು ನಮ್ಮ ಮನೆಗಳ ಮಾತು ಮಾತ್ರ ಅಲ್ಲ. 2011ರ ಜನಗಣತಿಯಲ್ಲಿಯೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗಿಂತ ಹೆಚ್ಚು ಇದ್ದರು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಅದು ಸಂತೋಷ. ಆದರೆ ನೋಡಿಕೊಳ್ಳುವ ಕೈಗಳು ಹೆಚ್ಚಿಲ್ಲ. ಮಕ್ಕಳು ಇಬ್ಬರು ಮೂವರು, ಅವರಲ್ಲಿ ಒಬ್ಬ ಬೆಂಗಳೂರು, ಇನ್ನೊಬ್ಬ ಪುಣೆ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಮನೆಯ ಮಕ್ಕಳು, ವಯಸ್ಸಾದವರು, ಕಾಯಿಲೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಿದ್ದರು, ಗಂಡಸರು 76 ನಿಮಿಷ. ಅಡುಗೆ, ಮುಸುರೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಆದ್ದರಿಂದ ಇವತ್ತಿನ ಮಾತು ಇಷ್ಟೇ: ತಂದೆ-ತಾಯಿಯರ ಆರೈಕೆ ಚೆನ್ನಾಗಿ ನಡೆಯಬೇಕಾದರೆ, ಆರೈಕೆ ಮಾಡುವವರು ಮಲಗಬೇಕು, ಉಣ್ಣಬೇಕು, ಆರೋಗ್ಯವಾಗಿರಬೇಕು. ಅದಕ್ಕಾಗಿ ಮನೆಯಲ್ಲಿಯೂ ಪಾಳಿ ಬೇಕು.

ಮಗ್ಗಲು ಬದಲಿಸುವುದು ಮತ್ತು ನಿಮ್ಮ ನಡು

ಹಾಸಿಗೆ ಹಿಡಿದವರಿಗೆ ದೊಡ್ಡ ಶತ್ರು ಹಾಸಿಗೆ ಹುಣ್ಣು. ಟಿರ್ರಿ ಮೂಳೆಯ ಮೇಲೆ, ಸೊಂಟದ ಪಕ್ಕ, ಹಿಮ್ಮಡಿ, ಭುಜದ ಹಿಂಭಾಗ, ತಲೆಯ ಹಿಂಭಾಗ, ಇಲ್ಲೆಲ್ಲ ಮೂಳೆಯ ಮೇಲೆ ಮಾಂಸ ಕಡಿಮೆ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಹರಿಯುವುದಿಲ್ಲ, ಚರ್ಮ ಸಾಯುತ್ತದೆ. ದಿನಕ್ಕೊಮ್ಮೆ ಮೈ ಒರೆಸುವಾಗ ಈ ಜಾಗಗಳನ್ನು ನೋಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯಕ್ಕೆ ಚಿಂತೆಯಿಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದು ತಿಳಿಯಿರಿ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಹೆಚ್ಚು ಕಪ್ಪಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಕಡೆ ಭಾರ ಬೀಳದಂತೆ ಮಲಗಿಸಿ. ಅಲ್ಲಿ ತಿಕ್ಕಬೇಡಿ. ಹುಣ್ಣು ಬಾಯಿಬಿಟ್ಟರೆ ಅರಿಶಿನ, ಸುಣ್ಣ, ಪೌಡರು ಏನೂ ಹಚ್ಚದೆ ತಂದು ತೋರಿಸಿ.

ಹಗಲಲ್ಲಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ. ಇನ್ನು ವೈನಿಯ ಪ್ರಶ್ನೆ, ರಾತ್ರಿಯದು. ಗಾಳಿ ಹಾಸಿಗೆಯೋ ಒಳ್ಳೆಯ ಫೋಮ್ ಹಾಸಿಗೆಯೋ ಇದ್ದು, ಚರ್ಮ ಎಲ್ಲಿಯೂ ಕೆಂಪಾಗದೆ ಚೆನ್ನಾಗಿದ್ದರೆ, ರಾತ್ರಿಯ ಅಂತರವನ್ನು ಮೂರು ನಾಲ್ಕು ತಾಸಿಗೆ ಹೆಚ್ಚಿಸಬಹುದೇ ಎಂದು ಬಿಡುಗಡೆಯ ದಿನ ಕೇಳಿ. ಅನೇಕರಿಗೆ ಹೆಚ್ಚಿಸಬಹುದು. ಆಗ ರಾತ್ರಿ ಹತ್ತಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಸಾಕು. ಹತ್ತರದು ಮಗನ ಪಾಲಿಗೆ ಬಂದರೆ, ಎರಡರದು ಇನ್ನೊಬ್ಬರ ಪಾಲಿಗೆ ಬಂದರೆ, ಸೊಸೆ ಆರರವರೆಗೆ ಮಲಗಬಹುದು. ಹಾಸಿಗೆ ಇದೆ ಎಂದು ಹೊಳ್ಳಿಸುವುದನ್ನೇ ಬಿಡಬಾರದು.

ಒಬ್ಬರೇ ಕಂಕುಳಿಗೆ ಕೈಕೊಟ್ಟು ಮೇಲೆಳೆಯಬೇಡಿ. ರೋಗಿಯ ಭುಜವೂ ಹೋಗುತ್ತದೆ, ನಿಮ್ಮ ನಡುವೂ ಹೋಗುತ್ತದೆ. ಹಳೆಯ ದಪ್ಪ ಚಾದರವನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಮೈ ಕೆಳಗೆ ಹಾಸಿರಿ. ಮೇಲೆ ಸರಿಸಬೇಕಾದಾಗ ಎರಡೂ ಕಡೆ ಒಬ್ಬೊಬ್ಬರು ನಿಂತು ಚಾದರದ ಅಂಚನ್ನು ಮೈ ಹತ್ತಿರ ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಕೂಡಿಯೇ ಎತ್ತಿ ಸರಿಸಿ. ನೀವು ನಡು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ. ಒಬ್ಬರೇ ಇದ್ದಾಗ ಮೇಲೆ ಸರಿಸಲು ಹೋಗದೆ, ಆಚೆಯ ಮೊಣಕಾಲು ಮಡಿಸಿ, ಆಚೆಯ ಕೈಯನ್ನು ಎದೆಯ ಮೇಲೆ ತಂದು, ಭುಜ ಮತ್ತು ಸೊಂಟ ಹಿಡಿದು ನಿಮ್ಮ ಕಡೆಗೆ ಹೊಳ್ಳಿಸಿ. ಬೆನ್ನಿಗೆ ದಿಂಬು ಕೊಡಿ. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ.

ಊಟ, ನೀರು, ಮಾತ್ರೆ

ಲಕ್ವಾ ಆದವರಿಗೆ ಮಲಗಿಸಿಕೊಂಡು ಉಣಿಸಬಾರದು. ಚೆನ್ನಾಗಿ ಎತ್ತರಕ್ಕೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಚಿಕ್ಕ ಚಮಚೆಯಿಂದ ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ತಾಸು ಹಾಗೆಯೇ ಕೂತಿರಲಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ಉಂಡ ಮೇಲೆ ದನಿ ಗೊರಗೊರ ಎಂದರೆ, ಅದು ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದು ಅನುಮಾನಿಸಿ ವೈದ್ಯರಿಗೆ ಹೇಳಿ.

ಒಂದು ವಿಷಯ ಗಮನಿಸಿ. ಎಷ್ಟೋ ಜನ ಹಿರಿಯರು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ. "ರಾತ್ರಿ ಸೊಸೀನ ಎಬ್ಬಿಸಬೇಕಾಗತೈತಿ" ಎಂಬ ಸಂಕೋಚ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು. ಡಾಕ್ಟರು ನೀರಿಗೆ ಮಿತಿ ಹೇಳಿರದಿದ್ದರೆ ಬೆಳಿಗ್ಗೆಯಿಂದ ಸಂಜೆಯೊಳಗೆ ಸಾಕಷ್ಟು ಕುಡಿಸಿ, ರಾತ್ರಿಗೆ ಸ್ವಲ್ಪ ಇರಲಿ. ಮಂಚದ ಪಕ್ಕದಲ್ಲಿಯೇ ಪಾಟ್ ಇಡಿ. ಆ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಮಾತ್ರೆಗಳ ಹೆಸರು, ಹೊತ್ತು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಗ ಯಾರ ಪಾಳಿ ಇದ್ದರೂ ಮಾತ್ರೆ ತಪ್ಪುವುದಿಲ್ಲ, ಎರಡು ಸಲವೂ ಆಗುವುದಿಲ್ಲ. ಬಿ.ಪಿ. ಮಾತ್ರೆಯನ್ನು "ಈಗ ಆರಾಮ ಅದಾರ" ಎಂದು ನೀವೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟ ದಿನ ಮಾತ್ರೆ, ಇಂಜೆಕ್ಷನ್ ಬಗ್ಗೆ ಕೇಳಿಯೇ ಕೊಡಿ. ಮೈ ಬೆವರಿ, ನಡುಗಿ, ಮಾತು ತಡವರಿಸಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಲು ಬಂದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ನಡೆದಾಡುವ ಹಿರಿಯರು ಬೀಳದಂತೆ ನೋಡಿ. ಬಚ್ಚಲು ಒಣಗಿರಲಿ, ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ, ಹೊಸ್ತಿಲ ಹತ್ತಿರ ಚಾಪೆ ಬೇಡ. ಎದ್ದ ತಕ್ಷಣ ನಡೆಯದೆ ಮಂಚದ ಅಂಚಿಗೆ ಒಂದು ನಿಮಿಷ ಕೂತು ಏಳಲಿ.

"ಅರಳು ಮರಳು" ಎಂದು ಬಿಡಬೇಡಿ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಆ ಗಾದೆಯಿಂದ ಅಪಾಯವೂ ಇದೆ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ತಾಯಿ ಇವತ್ತು ಸತ್ತವರ ಹೆಸರು ಹಿಡಿದು ಕರೆದರೆ, ಹಗಲು ನಿದ್ದೆ ಮಾಡಿ ರಾತ್ರಿ ಎದ್ದು ಓಡಾಡಿದರೆ, ಅದು ವಯಸ್ಸಿನ ದೋಷ ಅಲ್ಲ. ಒಂದೆರಡು ದಿನದಲ್ಲಿ ಬಂದ ಗಲಿಬಿಲಿಗೆ ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಉಪ್ಪಿನಂಶ ಇಳಿದದ್ದು, ಹೊಸ ಮಾತ್ರೆ, ಮಲಬದ್ಧತೆ ಯಾವುದೂ ಕಾರಣವಾಗಿರಬಹುದು. ಚಿಕಿತ್ಸೆ ಕೊಟ್ಟರೆ ಬಹಳ ಜನರಿಗೆ ಗುಣವಾಗುತ್ತದೆ. ಕೂಡಲೇ ಕರೆತನ್ನಿ.

ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚುವ ಮರೆವು ಬೇರೆ. ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಉಂಡದ್ದನ್ನು ಮರೆತು "ನನಗ ಕೂಳ ಹಾಕಲಿಲ್ಲ" ಎಂದು ಓಣಿಯವರ ಮುಂದೆ ಹೇಳುವುದು. ಅದು ಹಟವಲ್ಲ, ಮಿದುಳಿನ ಕಾಯಿಲೆ. ಸೊಸೆಗೆ ಅದರಿಂದ ಬರುವ ಅವಮಾನ ಸಣ್ಣದಲ್ಲ. ವಾದ ಮಾಡಿದರೆ ಇಬ್ಬರಿಗೂ ಸಂಕಟ. ಮನೆಯ ಉಳಿದವರು ಓಣಿಯವರಿಗೆ ನಿಜ ಏನೆಂದು ತಿಳಿಸಿ ಹೇಳಬೇಕು. ಅದು ಮಗನ ಕೆಲಸ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ, ಹೊತ್ತು ನೋಡಿಕೊಂಡು ತಕ್ಷಣ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎಣ್ಣೆ ತಿಕ್ಕುತ್ತ ಕೂತರೆ ಆ ಹೊತ್ತು ಹೋಗುತ್ತದೆ.

ಕೆಲಸ ಹಂಚುವ ರೀತಿ

ವೈನಿ ಆ ಮಾತು ಹೇಳಿದ ವಾರ ನಾನು ರಜೆ ಹಾಕಿ ಊರಿಗೆ ಹೋದೆ. ಎರಡು ರಾತ್ರಿ ಅಪ್ಪನ ಕೋಣೆಯಲ್ಲಿ ನಾನೇ ಮಲಗಿದೆ. ಮೂರನೆಯ ದಿನ ಬೆಳಿಗ್ಗೆ ನನ್ನ ಕೈ ಸ್ವಾಧೀನದಲ್ಲಿರಲಿಲ್ಲ, ಚಹಾ ಸೋಸುವಾಗ ಚೆಲ್ಲಿತು. ವೈನಿ ಅದನ್ನು ನಾಲ್ಕು ತಿಂಗಳಿನಿಂದ ಮಾಡುತ್ತಿದ್ದರು.

ಅವತ್ತು ಅಣ್ಣನ ಮಗಳ ನೋಟುಬುಕ್ಕಿನ ಒಂದು ಹಾಳೆ ಹರಿದು, ಅಪ್ಪನ ಕೆಲಸಗಳನ್ನೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಬರೆದೆವು. ಒಟ್ಟು ಇಪ್ಪತ್ತಮೂರು ಕೆಲಸಗಳಾದವು. ಎದುರಿಗೆ ಮಾಡುವವರ ಹೆಸರು ಬರೆದಾಗ ಇಪ್ಪತ್ತೊಂದರ ಮುಂದೆ ವೈನಿಯ ಹೆಸರೇ ಬಂತು. ಅಣ್ಣ ಕೆಟ್ಟವನಲ್ಲ. ಹೊಲ, ದನ, ಸಾಲ ಎಂದು ಅವನೂ ದಣಿಯುತ್ತಿದ್ದ. ಆದರೆ ಆ ಹಾಳೆ ನೋಡಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ರಾತ್ರಿ ಹತ್ತರದು, ಎರಡರದು ನನಗ ಬರೀ" ಎಂದ.

ನೀವೂ ಹಾಗೆಯೇ ಬರೆಯಿರಿ. ಬಾಯಿಮಾತಿನಲ್ಲಿ ಹೇಳಿದರೆ ದೂರು ಎನಿಸುತ್ತದೆ, ಹಾಳೆಯ ಮೇಲೆ ಬರೆದರೆ ಲೆಕ್ಕ ಎನಿಸುತ್ತದೆ. ಆಮೇಲೆ ಹಂಚಿ. ಮೈ ಒರೆಸುವುದು, ಗಡ್ಡ ಮಾಡುವುದು, ಪಾಟ್ ಕೊಡುವುದು ಗಂಡಸರಿಗೂ ಬರುತ್ತದೆ. ನಮ್ಮ ವಾರ್ಡಿನಲ್ಲಿ ಬ್ರದರ್‌ಗಳು ಮಾಡುವುದಿಲ್ಲವೇ? ಶಾಲೆಗೆ ಹೋಗುವ ಮಕ್ಕಳು ಅಜ್ಜನ ಹತ್ತಿರ ಕೂತು ಪತ್ರಿಕೆ ಓದಲಿ. ಆ ಅರ್ಧ ತಾಸು ತಾಯಿಗೆ ಸಿಗುತ್ತದೆ.

ದೂರದ ಊರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ನೀವು ರೊಕ್ಕ ಕಳಿಸುತ್ತೀರಿ, ದಿನಾ ಫೋನ್ ಮಾಡಿ "ಅವ್ವ ಹ್ಯಾಂಗ ಅದಾಳ?" ಎನ್ನುತ್ತೀರಿ. ಒಳ್ಳೆಯದು. ಫೋನ್ ಎತ್ತಿದವರನ್ನು "ನೀವು ಹ್ಯಾಂಗ ಅದೀರಿ? ರಾತ್ರಿ ಮಲಗಿದ್ರೇನು?" ಎಂದೂ ಕೇಳಿ. ವರ್ಷಕ್ಕೆರಡು ಸಲ ಜಾತ್ರೆಗೆ ಬಂದು ಹೋಗುವ ಬದಲು, ಒಂದು ವಾರ ರಜೆ ಹಾಕಿ ಬಂದು ಪಾಳಿ ತೆಗೆದುಕೊಳ್ಳಿ. ಆ ವಾರ ಸೊಸೆ ತನ್ನ ತವರಿಗೆ ಹೋಗಿ ಬರಲಿ. ಅವಳಿಗೂ ವಯಸ್ಸಾದ ತಂದೆ-ತಾಯಿ ಇದ್ದಾರೆ.

ಇಲ್ಲಿ ಕೂತಿರುವ ಹಿರಿಯರಿಗೂ ಒಂದು ಮಾತು. "ನನಗ ಸೊಸಿನೇ ಬೇಕು, ಬ್ಯಾರೆಯವರ ಕೈಲೆ ಉಣ್ಣಾಂಗಿಲ್ಲ" ಎನ್ನಬೇಡಿ. ಮಗ ಉಣಿಸಿದರೆ ಉಣ್ಣಿ. ಎಡಗೈಯಲ್ಲಿ ಆಗುವಷ್ಟು ಕೆಲಸ ನೀವೇ ಮಾಡಿಕೊಳ್ಳಿ, ಹಲ್ಲು ತಿಕ್ಕುವುದು, ಮುಖ ಒರೆಸಿಕೊಳ್ಳುವುದು. ತಡವಾದರೂ ಆಗಲಿ, ಕೈಗೆ ಅದೇ ವ್ಯಾಯಾಮ.

ಸಿಟ್ಟು ಬಂದಾಗ

ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಆಗತಾನೆ ಬದಲಿಸಿದ ಹಾಸಿಗೆ ಮತ್ತೆ ಒದ್ದೆಯಾದಾಗ ಸಿಟ್ಟು ಬರುತ್ತದೆ. ಬೈದುಬಿಡುತ್ತೀರಿ. ಕೆಲವೊಮ್ಮೆ "ಇವರು ಹೋದರೆ ಸಾಕು" ಎಂಬ ವಿಚಾರವೂ ಬಂದುಹೋಗುತ್ತದೆ. ಆಮೇಲೆ ಪಾಪ ಮಾಡಿದೆ ಎಂದು ಅಳುತ್ತೀರಿ. ಇಂಥ ವಿಚಾರ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ಬಹಳ ದಣಿದಿದ್ದೀರಿ. ಸಿಟ್ಟು ಕೈಗೆ ಬರುತ್ತಿದೆ ಎನಿಸಿದರೆ, ರೋಗಿ ಬೀಳದಂತೆ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ. ಮುಖಕ್ಕೆ ನೀರು ಹಾಕಿಕೊಳ್ಳಿ. ಪಕ್ಕದ ಮನೆಯವರನ್ನು ಕರೆಯಿರಿ. ಹಾಸಿಗೆ ಹತ್ತು ನಿಮಿಷ ತಡವಾಗಿ ಬದಲಾದರೆ ಏನೂ ಆಗುವುದಿಲ್ಲ.

ಆದರೆ ಎರಡು ವಾರ ಬಿಡದೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ, ಬದುಕೇ ಬೇಡ ಎನಿಸಿದರೆ, ಅದು ಚಿಕಿತ್ಸೆ ಇರುವ ಕಾಯಿಲೆ. ವೈದ್ಯರಿಗೆ ಹೇಳಿ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ.

ಕಾನೂನು ಏನು ಹೇಳುತ್ತದೆ

2007ರಲ್ಲಿ ತಂದೆ-ತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ಕೇಂದ್ರದ ಕಾನೂನು ಬಂತು. ತಮ್ಮನ್ನು ತಾವು ಸಾಕಿಕೊಳ್ಳಲಾಗದ ತಂದೆ-ತಾಯಿ ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಲೂ ಅವಕಾಶ ಇದೆ.

ಈ ಕಾನೂನಿನಲ್ಲಿ ಮಕ್ಕಳು ಎಂದರೆ ಯಾರು ಎಂದು ಬರೆದಿದೆ: ವಯಸ್ಸಿಗೆ ಬಂದ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅದರಲ್ಲಿ ಇಲ್ಲ. ಸೊಸೆ, ಅಳಿಯರನ್ನೂ ಸೇರಿಸುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು, ಕಾನೂನಾಗಲಿಲ್ಲ. ಸೊಸೆ ಮಾಡಬಾರದು ಎಂದು ಇದರರ್ಥ ಅಲ್ಲ. ಅವಳು ಮಾಡುತ್ತಿರುವುದು ಪ್ರೀತಿಯಿಂದ, ಮನೆಯವಳಾಗಿ. ಆದರೆ ಕಾನೂನು ಮೊದಲು ಹೆಸರಿಸಿದ್ದು ಮಗನನ್ನು, ಮಗಳನ್ನು. ಇದನ್ನು ಮಗ ಮತ್ತು ಮಗಳು ನೆನಪಿಡಬೇಕು. ನಾನೂ ಮಗಳೇ, ನನಗೂ ಇದು ಅನ್ವಯಿಸುತ್ತದೆ.

ಹಿರಿಯರಿಗೆ ಪಿಂಚಣಿ, ಕಾನೂನು, ಕಿರುಕುಳದ ವಿಷಯದಲ್ಲಿ ಸಹಾಯ ಬೇಕಾದರೆ 14567ಕ್ಕೆ ಫೋನ್ ಮಾಡಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು, ಆದಾಯದ ಮಿತಿ ಇದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ವಿಚಾರಿಸಿ.

ಬಿಡುಗಡೆಗೆ ಮೊದಲು

ಡಿಸ್ಚಾರ್ಜ್ ದಿನ ಬಿಲ್ಲು, ಗಾಡಿ ಎಂದು ಗಡಿಬಿಡಿ ಇರುತ್ತದೆ. ಅದಕ್ಕೆ ಹಿಂದಿನ ದಿನವೇ ನಮ್ಮನ್ನು ಕೇಳಿ: ಹೊಳ್ಳಿಸುವುದು, ಉಣಿಸುವುದು, ಪೈಪ್ ಇದ್ದರೆ ಅದನ್ನು ಸ್ವಚ್ಛವಾಗಿಡುವುದು, ಇವನ್ನು ಮಾಡಿ ತೋರಿಸಿ ಎಂದು ಕೇಳಿ. ನಾವು ಮಾಡಿ ತೋರಿಸಿದ ಮೇಲೆ ನಮ್ಮ ಎದುರಿಗೇ ನೀವೂ ಒಮ್ಮೆ ಮಾಡಿ. ಕಲಿಯಲು ಒಬ್ಬರೇ ಬರಬೇಡಿ. ಮನೆಯಿಂದ ಇಬ್ಬರಾದರೂ ಬನ್ನಿ, ಅವರಲ್ಲಿ ಒಬ್ಬರು ಗಂಡಸರಾಗಿರಲಿ.

ನಮ್ಮ ತಂದೆ ಆಮೇಲೆ ಒಂದೂವರೆ ವರ್ಷ ಬದುಕಿದರು. ಒಂದು ಸಲ ಹಿಮ್ಮಡಿ ಕೆಂಪಾದದ್ದು ಬಿಟ್ಟರೆ ಹುಣ್ಣು ಆಗಲಿಲ್ಲ. ಆ ಕೆಂಪನ್ನು ಮೊದಲು ನೋಡಿದವನು ಅಣ್ಣ, ರಾತ್ರಿ ಎರಡರ ಪಾಳಿಯಲ್ಲಿ. ವೈನಿ ಆ ಹೊತ್ತಿನಲ್ಲಿ ಮಲಗಿದ್ದರು. ಅವರ ಪ್ರಶ್ನೆಗೆ ಉತ್ತರ ಕೊಟ್ಟವನು ಅಣ್ಣ, ನಾನಲ್ಲ.

ಈಗ ಹೊರಗೆ ಹೋಗುವಾಗ ಬಾಗಿಲ ಹತ್ತಿರ ನಮ್ಮ ವಿದ್ಯಾರ್ಥಿನಿಯರು ಬಿ.ಪಿ. ಯಂತ್ರ ಇಟ್ಟುಕೊಂಡು ಕೂತಿದ್ದಾರೆ. ರೋಗಿಗಳದಲ್ಲ, ನಿಮ್ಮದನ್ನು ನೋಡಲು. ಎರಡು ನಿಮಿಷ ಕೂತು, ತೋಳು ಚಾಚಿ. ಹಿಂದಿನ ಸಲ ಇದೇ ಬಾಗಿಲಲ್ಲಿ ಅತ್ತೆಯನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ತಾಯಿಯ ಬಿ.ಪಿ. 190 ಇತ್ತು. "ನನಗೇನಾಗೇತಿ, ಮೊದಲ ಅತ್ತೀನ ನೋಡ್ರಿ" ಎಂದು ಎದ್ದು ಹೊರಟಿದ್ದರು. ಕೈಹಿಡಿದು ಕೂರಿಸಿದೆವು. ಅವರಿಗೂ ಒಂದು ಕೇಸ್ ಪೇಪರ್ ಮಾಡಿಸಿದೆವು.

ವಾರ್ಡಿಗೆ ಹೋದ ಮೇಲೆ ಪಕ್ಕದ ಮಂಚದ ಚಾಪೆಯವರನ್ನು ಉಂಡಿರಾ ಎಂದು ಒಮ್ಮೆ ಕೇಳಿ.